ಬಿದ್ದ ತೂತು, ಹಾಕಿದ ತೂತು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಒಂದೇ ವಾರದಲ್ಲಿ ಒಂದೇ ಇಂಗ್ಲಿಷ್ ಪದ ಮೂರು ಕಡೆ ಕಿವಿಗೆ ಬಿತ್ತು. ಅಪ್ಪನ ಕಿವಿ ಸೋರುತ್ತಿದೆ ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ, ಡಾಕ್ಟರು ನೋಡಿ 'ಪರ್ಫೊರೇಷನ್ ಆಗಿದೆ' ಅಂದರು. ನಮ್ಮ ಸಂಘದ ರಸೀದಿ ಪುಸ್ತಕ ಮಾಡಿಸಲು ಪ್ರೆಸ್ಸಿಗೆ ಹೋದರೆ, 'ಪರ್ಫೊರೇಷನ್ ಬೇಕಾ? ಅದಕ್ಕೆ ಬೇರೆ ಚಾರ್ಜು' ಅಂದರು. ಬೋರ್‌ವೆಲ್‌ಗೆ ಮಳೆನೀರು ಇಂಗಿಸೋಣ ಅಂತ ಹೊರಟರೆ, 'ಕೇಸಿಂಗ್ ಪೈಪಿಗೆ ಪರ್ಫೊರೇಷನ್ ಮಾಡ್ಬೇಕು' ಅಂತ ಅಲ್ಲೂ ಅದೇ ಮಾತು. ಕಿವಿಯಲ್ಲಿದ್ದರೆ ಕಾಯಿಲೆ, ಕಾಗದದಲ್ಲಿದ್ದರೆ ಜಾಸ್ತಿ ದುಡ್ಡು, ಪೈಪಿನಲ್ಲಿ ಇಲ್ಲದಿದ್ದರೆ ನೀರಿಲ್ಲ. ಏನು ಸಾರ್ ಇದು? ಕನ್ನಡದಲ್ಲಿ ಇದಕ್ಕೊಂದು ಪದ ಇಲ್ಲವೇ?

ಉತ್ತರ: ಮೂರು ಕಡೆಯೂ ಅರ್ಥ ಒಂದೇ, ತೂತು. ಆದರೆ ಎಲ್ಲ ತೂತೂ ಪರ್ಫೊರೇಷನ್ ಆಗುವುದಿಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಪೆರ್' ಅಂದರೆ ಮೂಲಕ, 'ಫೊರಾರೆ' ಅಂದರೆ ಕೊರೆಯುವುದು. ಎರಡೂ ಸೇರಿದರೆ ಈ ಕಡೆ ಕೊರೆಯಲು ಹಿಡಿದು ಆ ಕಡೆ ಹೊರಡುವುದು. ಅಡಿಕೆ ಸಸಿ ನೆಡಲು ನೀವು ತೆಗೆಯುವ ಗುಂಡಿ ಪರ್ಫೊರೇಷನ್ ಅಲ್ಲ, ಅದಕ್ಕೆ ತಳ ಇದೆ. ಗದ್ದೆ ಬದುವಿನ ಏಡಿ ಬಿಲ ಈ ಕಡೆ ಹೊಕ್ಕು ಆ ಕಡೆ ನೀರು ಬಸಿಯುವಂತಿದ್ದರೆ ಆ ಹೆಸರಿಗೆ ಅದು ಲಾಯಕ್ಕು. ಶಿವಮೊಗ್ಗದ ದುರ್ಗಿಗುಡಿಯಲ್ಲಿ 32 ವರ್ಷ ಪ್ರೆಸ್ ನಡೆಸಿದವನು ನಾನು. ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದ ಪರೀಕ್ಷೆ ಒಂದೇ: ಹಾಳೆ ಎತ್ತಿ ಬೆಳಕಿಗೆ ಹಿಡಿ, ಆಚೆ ಕಾಣಬೇಕು.

ಪದ ಇಲ್ಲವೇ ಅಂದಿರಿ. ಬೇಕಾದಷ್ಟಿವೆ. ತೂತು, ರಂಧ್ರ, ಕಿಂಡಿ, ಕಂಡಿ, ಬಿಲ, ಕಣ್ಣು. ಎಲ್ಲರ ಮನೆ ದೋಸೆಯೂ ತೂತು ಅಂತ ಗಾದೆ ಕಟ್ಟಿದ ಜನ ನಾವು. ಆದರೆ ಕನ್ನಡದಲ್ಲಿ ತೂತಿನ ಗುಣ ಗೊತ್ತಾಗುವುದು ಅದರ ಹಿಂದೆ ಬರುವ ಕ್ರಿಯಾಪದದಿಂದ. ಕೊಡಕ್ಕೆ ತೂತು 'ಬಿತ್ತು' ಅಂದರೆ ಯಾರೂ ಬೇಕೂಂತ ಮಾಡಿದ್ದಲ್ಲ. ತೂತು 'ಹಾಕಿದೆ', 'ಕೊರೆದೆ' ಅಂದರೆ ಬೇಕೂಂತಲೇ ಮಾಡಿದ್ದು. ಮೊದಲನೆಯದು ಕೇಳಿದರೆ ಅಯ್ಯೋ ಅನ್ನುತ್ತೇವೆ, ಎರಡನೆಯದಕ್ಕೆ ಕೂಲಿ ಕೊಡುತ್ತೇವೆ. ಇಂಗ್ಲಿಷಿನ ಪರ್ಫೊರೇಷನ್ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ನಿಮಗೆ ಗೊಂದಲ ಆದದ್ದು ಅಲ್ಲೇ. ನಿಮ್ಮ ಅಪ್ಪನ ಕಿವಿಯದು ಬಿದ್ದ ತೂತು. ಕಾಗದದ್ದು, ಪೈಪಿನದು ಹಾಕಿದ ತೂತು.

ಮೊದಲು ಕಿವಿಯ ವಿಷಯ ಮುಗಿಸುತ್ತೇನೆ, ಉಳಿದದ್ದು ಕಾಯಬಹುದು. ನಾನು ಡಾಕ್ಟರಲ್ಲ. ಆದರೆ ಈ ತೂತು ನನ್ನ ಎಡಗಿವಿಯಲ್ಲೇ ಬಿದ್ದಿತ್ತು. ಹೈಸ್ಕೂಲಿನಲ್ಲಿದ್ದಾಗ ತೀರ್ಥಹಳ್ಳಿಯಲ್ಲಿ ಬಂಡೆ ಮೇಲಿಂದ ತುಂಗೆಗೆ ಹಾರಿದೆ. ನೀರು ಕಪಾಳಕ್ಕೆ ಹೊಡೆದಂತಾಯಿತು, ಕಿವಿಯೊಳಗೆ ಟಪ್ ಅಂತ ಸದ್ದು, ಆಮೇಲೆ ಸಂಜೆವರೆಗೂ ಜೀರುಂಡೆ ಕೂಗಿದ ಹಾಗೆ. ಕಿವಿಯ ತಮಟೆ ಅನ್ನುತ್ತಾರಲ್ಲ, ಅದು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಅಗಲದ ಪೊರೆ. ದಪ್ಪ ಸುಮಾರು 0.1 ಮಿಲಿಮೀಟರು. ನಾವು ಬಿಲ್ ಬುಕ್ಕಿಗೆ ಹಾಕುವ ಕಾಗದದಷ್ಟೇ ಅನ್ನಿ. ಪೆಟ್ಟು, ಒತ್ತಡ, ಒಳಗೆ ಕೀವು ತುಂಬುವುದು, ಕಡ್ಡಿ ಹಾಕಿ ತಿರುವುವುದು, ಇವುಗಳಲ್ಲಿ ಯಾವುದರಿಂದಲಾದರೂ ಅದು ಹರಿಯಬಹುದು. ಒಳ್ಳೆಯ ಸುದ್ದಿ ಏನೆಂದರೆ ಸಣ್ಣ ತೂತು ಬಹಳ ಸಲ ಕೆಲವು ವಾರಗಳಲ್ಲಿ, ಒಂದೆರಡು ತಿಂಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ನನ್ನದು ಹಾಗೇ ಮುಚ್ಚಿತು. ಮುಚ್ಚದೆ ಉಳಿದರೆ ತೇಪೆ ಹಾಕುವ ಆಪರೇಷನ್ ಇದೆ, ಅದಕ್ಕೆ ಟಿಂಪನೋಪ್ಲಾಸ್ಟಿ ಅನ್ನುತ್ತಾರೆ.

ಅಲ್ಲಿಯವರೆಗೆ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ನಮ್ಮ ಕಡೆ ಕಿವಿನೋವು ಅಂದ ತಕ್ಷಣ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿ ಬಿಡುವುದು ಅಭ್ಯಾಸ. ತಮಟೆ ತೂತಾಗಿದ್ದಾಗ ಅದು ಸೀದಾ ತಮಟೆಯ ಹಿಂದಿನ ನಡುಗಿವಿಗೆ ಇಳಿಯುತ್ತದೆ. ಎಣ್ಣೆ ಬೇಡ, ಮನೆಯಲ್ಲಿ ಉಳಿದಿದ್ದ ಹಳೇ ಡ್ರಾಪ್ಸ್ ಬೇಡ, ಕಡ್ಡಿ ಬೇಡ. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿ ಇಟ್ಟು ನೀರು ಹೋಗದಂತೆ ನೋಡಿಕೊಳ್ಳಿ. ಅಜ್ಜಿಯಂದಿರು ಬೈದರೆ ಬೈಸಿಕೊಳ್ಳಿ.

ಇನ್ನೊಂದು ಬಿದ್ದ ತೂತಿದೆ. ಅದು ಕಿವಿಯದ್ದರಷ್ಟು ಸಾಧು ಅಲ್ಲ. ಜಠರಕ್ಕೋ ಕರುಳಿಗೋ ತೂತು ಬಿದ್ದರೆ ಅದಕ್ಕೂ ಡಾಕ್ಟರುಗಳು ಪರ್ಫೊರೇಷನ್ ಅಂತಲೇ ಅನ್ನುವುದು. ಅಲ್ಸರ್ ಕೊರೆದು ಕೊರೆದು ಆಚೆ ಹೊರಡಬಹುದು. ಟೈಫಾಯಿಡ್ ಸರಿಯಾಗಿ ವಾಸಿಯಾಗದೆ ಕರುಳು ತೂತಾಗಬಹುದು. ಅಪೆಂಡಿಕ್ಸ್ ಒಡೆಯಬಹುದು. ಒಳಗಿದ್ದದ್ದು ಹೊಟ್ಟೆಯ ಖಾಲಿ ಜಾಗಕ್ಕೆ ಚೆಲ್ಲುತ್ತದೆ. ಇದ್ದಕ್ಕಿದ್ದ ಹಾಗೆ ತಡೆಯಲಾಗದ ನೋವು, ಹೊಟ್ಟೆ ಹಲಗೆಯ ಹಾಗೆ ಗಟ್ಟಿ, ಅಲುಗಾಡಿದರೆ ಪ್ರಾಣ ಹೋದಂತೆ. ಇಂಥ ಹೊತ್ತಿನಲ್ಲಿ ಗ್ಯಾಸ್ ಇರಬಹುದು ಅಂತ ಸೋಡಾ ಕುಡಿಸಿ ಬೆಳಗಾಗಲಿ ಅನ್ನಬಾರದು, ಆಗಲೇ ಗಾಡಿ ತೆಗೆಯಬೇಕು. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಖಾಲಿ ಹೊಟ್ಟೆಗೆ ದಿನಾ ನುಂಗುವವರು ನಿಮ್ಮ ತೋಟದಲ್ಲೂ ಇರಬಹುದು. ಆ ಮಾತ್ರೆಗಳಿಂದಲೂ ಅಲ್ಸರ್ ಆಗುತ್ತದೆ, ಅಲ್ಸರಿನಿಂದ ತೂತೂ ಆಗುತ್ತದೆ. ಅವರಿಗೊಂದು ಮಾತು ಹೇಳಿ.

ಒಂದು ತಮಾಷೆ ನೋಡಿ. ಓಲೆ ಹಾಕಲು ಕಿವಿಯ ಹಾಲೆಗೆ ಚುಚ್ಚುವುದೂ ಆಚೆ ಹೊರಡುವ ತೂತೇ. ಅದಕ್ಕೆ ಇಂಗ್ಲಿಷಿನವರು ಪಿಯರ್ಸಿಂಗ್ ಅನ್ನುತ್ತಾರೆ, ಪರ್ಫೊರೇಷನ್ ಅನ್ನುವುದಿಲ್ಲ. ಸೈಕಲ್ ಟ್ಯೂಬಿನದು ಪಂಕ್ಚರ್. ಒಂದೇ ಕಿವಿಯಲ್ಲಿ ಎರಡು ತೂತು, ಎರಡು ಹೆಸರು. ಪದಗಳು ಬಳಕೆಯಲ್ಲಿ ಸವೆದು ಸವೆದು ತಮ್ಮ ತಮ್ಮ ಜಾಗ ಹಿಡಿದುಕೊಂಡಿವೆ, ಲೆಕ್ಕ ಕೇಳಿ ಪ್ರಯೋಜನ ಇಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ರಸೀದಿ ಪುಸ್ತಕ ತೆರೆದರೆ ಎಡಕ್ಕೆ ಪುಸ್ತಕದಲ್ಲೇ ಉಳಿಯುವ ಕೌಂಟರ್‌ಫಾಯಿಲ್, ಬಲಕ್ಕೆ ಹರಿದು ಕೊಡುವ ರಸೀದಿ, ನಡುವೆ ತೂತಿನ ಸಾಲು. ನೋಡುವವರ ಕಣ್ಣೆಲ್ಲ ತೂತಿನ ಮೇಲೆ. ಕೆಲಸ ಬಲ್ಲವನ ಕಣ್ಣು ಮಾತ್ರ ಎರಡು ತೂತಿನ ನಡುವೆ ಉಳಿದ ಕಾಗದದ ಮೇಲೆ. ನಮ್ಮ ಪ್ರೆಸ್ಸಿನಲ್ಲಿ ಅದಕ್ಕೆ ಕೊಂಡಿ ಅನ್ನುತ್ತಿದ್ದೆವು. ಕೊಂಡಿ ದಪ್ಪ ಇದ್ದರೆ ಹರಿಯುವಾಗ ಗೆರೆ ಬಿಟ್ಟು ರಸೀದಿಯೇ ಅಡ್ಡ ಸೀಳುತ್ತದೆ. ತೀರಾ ಸಣ್ಣ ಇದ್ದರೆ ಪುಸ್ತಕ ಬಸ್ಸಿನಲ್ಲಿ ತೀರ್ಥಹಳ್ಳಿ ಮುಟ್ಟುವುದರೊಳಗೆ ಹಾಳೆಗಳು ಕಳಚಿಕೊಂಡು ಚೀಲದ ತಳ ಸೇರುತ್ತವೆ. ಹರಿಯಬೇಕು, ಆದರೆ ಹರಿಯುವವರೆಗೆ ಹಿಡಿದುಕೊಂಡಿರಬೇಕು. ಈ ಎರಡು ಕೆಲಸವನ್ನೂ ಕೊಂಡಿಯೇ ಮಾಡಬೇಕು. ಎಳೆದಾಗ ಕೈಯ ಬಲವೆಲ್ಲ ತೂತಿನ ಅಂಚಿಗೆ ಬಂದು ಸೇರುತ್ತದೆ, ಮೊದಲ ಕೊಂಡಿ ಕಿತ್ತರೆ ಆ ಬಲ ಪಕ್ಕದ್ದಕ್ಕೆ ದಾಟುತ್ತದೆ, ಹಾಗೇ ಸರಸರ ಕೊನೆವರೆಗೆ.

ಇದನ್ನು ಬ್ರಿಟನ್ನಿನ ಅಂಚೆಯವರು ಕೈ ಸುಟ್ಟುಕೊಂಡು ಕಲಿತರು. 1840ರ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಬಂದಾಗ ಅದಕ್ಕೆ ತೂತಿನ ಸಾಲೇ ಇರಲಿಲ್ಲ. ದೊಡ್ಡ ಹಾಳೆ, ಪಕ್ಕದಲ್ಲಿ ಕತ್ತರಿ. ಚೀಟಿ ಬೇಕಾದಾಗಲೆಲ್ಲ ಕತ್ತರಿಸಿಕೊಳ್ಳಬೇಕು. ನಮ್ಮಲ್ಲೂ 1852ರ ಸಿಂಧ್ ಡಾಕ್ ಚೀಟಿಗಾಗಲಿ, 1854ರಲ್ಲಿ ಇಡೀ ದೇಶಕ್ಕೆ ಅಂತ ಬಂದ ಚೀಟಿಗಳಿಗಾಗಲಿ ತೂತಿರಲಿಲ್ಲ. ಹೆನ್ರಿ ಆರ್ಚರ್ ಅನ್ನುವ ಐರಿಷ್ ಮನುಷ್ಯ 1847ರಲ್ಲಿ ಹಾಳೆಗೆ ತೂತಿನ ಸಾಲು ಹಾಕುವ ಯಂತ್ರದ ಯೋಜನೆ ಹಿಡಿದು ಅಂಚೆ ಇಲಾಖೆಯ ಬಾಗಿಲು ತಟ್ಟಿದ. ಸರ್ಕಾರಿ ಕೆಲಸ ಎಲ್ಲ ಕಡೆಯೂ ಒಂದೇ, ಅಲ್ವಾ? ಪರೀಕ್ಷೆ, ತಿದ್ದುಪಡಿ, ಚೌಕಾಸಿ ಎಲ್ಲ ಮುಗಿದು 1853ರಲ್ಲಿ ಅವನ ಪೇಟೆಂಟನ್ನು 4000 ಪೌಂಡಿಗೆ ಕೊಂಡರು. 1854ರಲ್ಲಿ ತೂತಿನಂಚಿನ ಪೆನ್ನಿ ರೆಡ್ ಚೀಟಿ ಮಾರಾಟಕ್ಕೆ ಬಂತು.

ಅಲ್ಲಿ ಆಯಿತು ಎಡವಟ್ಟು. ಮೊದಲು ಎರಡು ಸೆಂಟಿಮೀಟರಿಗೆ 16 ತೂತಿನ ಲೆಕ್ಕದಲ್ಲಿ ಹೊಡೆದರು. ತೂತು ಒತ್ತೊತ್ತಾಗಿ ಕೊಂಡಿ ಬಡವಾಯಿತು, ಮಾರುವ ಮೊದಲೇ ಹಾಳೆಗಳು ಬಿಟ್ಟುಕೊಳ್ಳತೊಡಗಿದವು. 1855ರಲ್ಲಿ ಲೆಕ್ಕ 14ಕ್ಕೆ ಇಳಿಸಿದರು. ಎರಡೇ ತೂತು ಕಡಿಮೆ, ತಾಪತ್ರಯ ನಿಂತಿತು. ಇವತ್ತಿಗೂ ಅಂಚೆಚೀಟಿ ಕೂಡಿಡುವವರು ಅಳೆಯುವುದು ಹೀಗೇ, ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು ಅಂತ. ಒಂದೇ ಚಿತ್ರ, ಒಂದೇ ಬಣ್ಣ, ಒಂದೇ ಬೆಲೆಯ ಎರಡು ಚೀಟಿಯಲ್ಲಿ ಒಂದು ಹದಿನಾಲ್ಕರದ್ದು, ಇನ್ನೊಂದು ಹದಿನಾರರದ್ದು ಆದರೆ ಅವು ಎರಡು ಬೇರೆ ಚೀಟಿಗಳೇ. ಮೂಲೆಯ ಒಂದು ಹಲ್ಲು ಮುರಿದರೂ ಬೆಲೆ ಇಳಿಯಿತು. ಈಗ ಸ್ಟಿಕರಿನ ಹಾಗೆ ಸುಲಿದು ಅಂಟಿಸುವ ಚೀಟಿಗಳಿಗೆ ಹರಿಯುವ ಅಗತ್ಯವೇ ಇಲ್ಲ. ಆದರೂ ಹಲವು ದೇಶಗಳು ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುತ್ತವೆ. ಹಲ್ಲಿಲ್ಲದಿದ್ದರೆ ಅದು ಚೀಟಿ ಅಂತ ನಮಗೆ ಅನ್ನಿಸುವುದೇ ಇಲ್ಲವಲ್ಲ.

ಅಂಚೆಚೀಟಿಯ ಹೊಟ್ಟೆಗೇ ತೂತು ಹಾಕುವುದೂ ಇತ್ತು. ಆಫೀಸಿನ ಚೀಟಿಗಳನ್ನು ಗುಮಾಸ್ತರು ಮನೆಗೆ ಒಯ್ಯುತ್ತಾರೆ, ಮಾರಿಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಗುಮಾನಿ. ಲಂಡನ್ನಿನ ಜೋಸೆಫ್ ಸ್ಲೋಪರ್ 1868ರಲ್ಲಿ ಅನುಮತಿ ಪಡೆದು, ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಚೀಟಿಯ ಮೇಲೆ ಸಣ್ಣ ತೂತುಗಳಲ್ಲಿ ಹೊಡೆಯುವ ಪದ್ಧತಿ ತಂದ. ಬ್ರಿಟಿಷರ ಕಾಲದ ಭಾರತದಲ್ಲೂ ಬ್ಯಾಂಕುಗಳು, ರೈಲ್ವೆ ಕಂಪನಿಗಳು ಇದನ್ನು ಮಾಡಿಸಿಕೊಂಡವು. ಶಾಯಿಯ ಸೀಲನ್ನಾದರೂ ಅಳಿಸಬಹುದು, ತೂತನ್ನು ಅಳಿಸುವುದು ಹೇಗೆ?

ನಮ್ಮ ಪ್ರೆಸ್ಸಿನಲ್ಲಿ ಮೊದಲಿಗಿದ್ದದ್ದು ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚುಯಂತ್ರ. ಅಚ್ಚಿನ ಮೊಳೆಗಳ ಜೊತೆಗೇ ಹಲ್ಲಿನ ಉಕ್ಕಿನ ಪಟ್ಟಿ ಸೇರಿಸಿ ಬಿಗಿದರೆ ಅಕ್ಷರವೂ ಬೀಳುತ್ತಿತ್ತು, ತೂತಿನ ಗೆರೆಯೂ ಬೀಳುತ್ತಿತ್ತು. ಹಳೆಯ ರಸೀದಿಗಳಲ್ಲಿ ಹರಿಯುವ ಗೆರೆ ಕಪ್ಪಗೆ ಇರುವುದನ್ನು ನೋಡಿರಬಹುದು. ಅದು ಅಲಂಕಾರ ಅಲ್ಲ. ಆ ಪಟ್ಟಿಗೂ ಶಾಯಿ ತಗಲುತ್ತಿತ್ತು, ಅಷ್ಟೇ. ಪಟ್ಟಿಯ ಹಲ್ಲು ಶಾಯಿ ರೋಲರನ್ನು ಗೀರುತ್ತಿತ್ತು, ಅದಕ್ಕೇ ರಸೀದಿ ಕೆಲಸಕ್ಕೆ ಹಳೇ ರೋಲರ್ ಹಾಕುತ್ತಿದ್ದೆವು. ನಿಮ್ಮ ಪ್ರೆಸ್ಸಿನವರು ಬೇರೆ ಚಾರ್ಜು ಕೇಳಿದ್ದು ಸುಮ್ನೆ ಅಲ್ಲ. ಈಗ ಎರಡೂ ಒಟ್ಟಿಗೆ ಆಗದಿದ್ದರೆ, ಪ್ರಿಂಟ್ ಆದ ಮೇಲೆ ಹಾಳೆಗಳನ್ನು ಇನ್ನೊಂದು ಸಲ ಯಂತ್ರಕ್ಕೆ ಕೊಡಬೇಕು. ಅದು ಇನ್ನೊಂದು ಕೂಲಿ.

ಆಮೇಲೆ ಸೂಜಿಸೂಜಿಯ ಬೇರೆ ಯಂತ್ರ ಕೊಂಡೆ. ಅದರಲ್ಲಿ ತೂತು ದುಂಡಗೆ ಬೀಳುತ್ತದೆ, ಪ್ರತಿ ತೂತಿನಿಂದ ಸಾಸಿವೆಯಷ್ಟು ಕಾಗದ ಕೆಳಗೆ ಉದುರುತ್ತದೆ. ನನ್ನ ಮಕ್ಕಳು ಅದನ್ನು ಡಬ್ಬದಲ್ಲಿ ತುಂಬಿಟ್ಟುಕೊಂಡು ಗೊಂಬೆ ಮದುವೆಗೆ ಅಕ್ಷತೆ ಮಾಡಿದ್ದರು. ಈ ಚೂರಿಗೆ ಇಂಗ್ಲಿಷಿನಲ್ಲಿ ಚ್ಯಾಡ್ ಅಂತ ಹೆಸರು. 2000ದ ಅಮೆರಿಕ ಚುನಾವಣೆಯಲ್ಲಿ ಫ್ಲಾರಿಡಾದ ಮತಪತ್ರಗಳಲ್ಲಿ ಇದೇ ಚೂರು ಪೂರ್ತಿ ಉದುರದೆ ನೇತಾಡುತ್ತಿತ್ತು. ಅದನ್ನು ಮತ ಅನ್ನಬೇಕೋ ಬೇಡವೋ ಅಂತ ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಯಿತು. ಕೊನೆಗೆ ಆ ರಾಜ್ಯದಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ. ತೂತು ಆಚೆ ಹೊರಟಿದೆಯೋ ಇಲ್ಲವೋ ಅನ್ನುವ ನನ್ನ ಬೆಳಕಿನ ಪರೀಕ್ಷೆಯನ್ನು ಅಲ್ಲಿನ ಅಧಿಕಾರಿಗಳು ಭೂತಗನ್ನಡಿ ಹಿಡಿದು ಮಾಡುತ್ತಿದ್ದ ಫೋಟೋ ಪೇಪರಿನಲ್ಲಿ ಬಂದಾಗ ನಮ್ಮ ಹುಡುಗರಿಗೆ ತೋರಿಸಿದ್ದೆ.

ಯಂತ್ರ ಕೈಕೊಟ್ಟ ದಿನವೂ ಇತ್ತು. ಒಂದು ಊರಿನ ಜಾತ್ರೆ ರಸೀದಿ, ಮಾರನೇ ದಿನ ಬೆಳಿಗ್ಗೆ ಕೊಡಬೇಕು. ರಾತ್ರಿ ಪಕ್ಕದ ಟೈಲರ್ ಅಂಗಡಿ ತೆಗೆಸಿ, ಹೊಲಿಗೆ ಮೆಷಿನ್‌ನಿಂದ ದಾರ ತೆಗೆದು, ಬರೀ ಸೂಜಿಯಲ್ಲಿ ಹಾಳೆ ಓಡಿಸಿದೆವು. ಎರಡೆರಡೇ ಹಾಳೆ, ಟಾಕು ಉದ್ದ ಇಟ್ಟು. ತೂತೇನೋ ಚೆನ್ನಾಗೇ ಬಿತ್ತು. ಆದರೆ ನಿದ್ದೆಗಣ್ಣಲ್ಲಿ ಗೆರೆ ಅರ್ಧ ಇಂಚು ಎಡಕ್ಕೆ ಸರಿದು, ಕೌಂಟರ್‌ಫಾಯಿಲ್‌ನ ನಂಬರು ರಸೀದಿಯ ಜೊತೆ ಹೋಗುವಂತಾಯಿತು. ಎರಡೂ ಕಡೆಯ ನಂಬರು ರಸೀದಿಯಲ್ಲೇ. ಜಾತ್ರೆ ಕಮಿಟಿಯ ಖಜಾಂಚಿ ಲೆಕ್ಕ ಮಾಡಲು ಕೂತ ದಿನ ನನಗೆ ಬಂದ ಫೋನು ಇನ್ನೂ ಕಿವಿಯಲ್ಲಿದೆ. ಆ ಕಿವಿಗೆ ಮತ್ತೆ ತೂತು ಬೀಳದೆ ಉಳಿದದ್ದೇ ಪುಣ್ಯ.

ಕಾಗದಕ್ಕೂ ಒಂದು ಎಳೆ ಇರುತ್ತದೆ. ಗಿರಣಿಯಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಮಲಗುತ್ತವೆ. ಎಳೆಯ ಉದ್ದಕ್ಕೆ ತೂತುಸಾಲು ಬಂದರೆ ನೀಟಾಗಿ ಹರಿಯುತ್ತದೆ, ಅಡ್ಡಕ್ಕೆ ಬಂದರೆ ಹಟ ಮಾಡುತ್ತದೆ. ಬಾಳೆ ಎಲೆ ಹರಿದು ನೋಡಿ, ಗೊತ್ತಾಗುತ್ತದೆ. ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ, ನಡೆಯುತ್ತಿದ್ದಾಗ ರೀಮು ಬಿಚ್ಚಿ ಒಂದು ಹಾಳೆಯನ್ನು ಎರಡೂ ದಿಕ್ಕಿಗೆ ಹರಿದು ನೋಡಿಯೇ ನಾನು ಕೆಲಸ ಶುರು ಮಾಡುತ್ತಿದ್ದೆ. ಈಗ ಆ ಕಾಗದ ಇಲ್ಲ. ಹರಿದು ನೋಡುವ ಚಟ ಮಾತ್ರ ಉಳಿದಿದೆ, ಮದುವೆ ಕಾಗದ ಬಂದರೂ ಕೈ ಅಲ್ಲಿಗೇ ಹೋಗುತ್ತದೆ. ಮಲೆನಾಡಿನಲ್ಲಿ ಇನ್ನೊಂದು ತೊಂದರೆ, ಮಳೆ. ಪುನರ್ವಸು ಹಿಡಿದುಕೊಂಡಿತು ಅಂದರೆ ಗೋದಾಮಿನ ಕಾಗದ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಆಗ ಸೂಜಿ ಚುಚ್ಚಿದರೆ ತೂತಿನ ಅಂಚು ಜುಂಗುಜುಂಗು. ಎಳೆದರೆ ಟಪಟಪ ಅನ್ನುವ ಬದಲು ಅಂಟಿನ ಹಾಗೆ ಹಿಗ್ಗುತ್ತದೆ.

ತೂತಿನ ಸಾಲು ಹಾಕಿ ಬೇಕಾದ ಗೆರೆಯಲ್ಲಿ ಬಿಡಿಸುವ ಉಪಾಯ ಕಾಗದದವರ ಕಂಡುಹಿಡಿತವೇನಲ್ಲ. ಬಂಡೆ ಸೀಳುವ ಒಡ್ಡರು ಯಾವ ಕಾಲದಿಂದಲೋ ಮಾಡುತ್ತಿದ್ದಾರೆ. ಉಳಿಯಲ್ಲಿ ಸಾಲಾಗಿ ಕುಳಿ ತೆಗೆಯುವುದು, ಒಂದೊಂದಕ್ಕೂ ಬೆಣೆ ಇಡುವುದು, ಸುತ್ತಿಗೆಯಲ್ಲಿ ಸರದಿಯ ಮೇಲೆ ಹೊಡೆಯುತ್ತ ಹೋಗುವುದು. ಬಂಡೆ ಆ ಗೆರೆಯಲ್ಲೇ ಬಾಯಿ ಬಿಡುತ್ತದೆ. ಹಂಪಿಗೆ ಹೋದರೆ ಕುಳಿ ತೆಗೆದು ಹಾಗೇ ಬಿಟ್ಟ ಬಂಡೆಗಳು ಈಗಲೂ ಕಾಣುತ್ತವೆ. ಕುಳಿ ಆಚೆ ಹೊರಡುವುದಿಲ್ಲ, ಆದ್ದರಿಂದ ನಿಘಂಟಿನ ಪ್ರಕಾರ ಪರ್ಫೊರೇಷನ್ ಅಲ್ಲ. ಬುದ್ಧಿ ಮಾತ್ರ ಅದೇ.

ಹರಿಯಲು ಹಾಕುವ ತೂತು ದಿನಾ ನಮ್ಮ ಕೈಗೆ ಸಿಗುತ್ತಲೇ ಇರುತ್ತದೆ. ಚೆಕ್ ಪುಸ್ತಕ, ಗೇಟಿನಲ್ಲಿ ಅರ್ಧ ಹರಿದು ಕೊಡುವ ಸಿನಿಮಾ ಟಿಕೆಟ್, ಅಂಚಿಗೆ ತೂತಿನ ಪಟ್ಟಿ ಇರುವ ಕಂಪ್ಯೂಟರ್ ಬಿಲ್ಲಿನ ಕಾಗದ. ಟಾಯ್ಲೆಟ್ ಪೇಪರಿನ ಸುರುಳಿಗೂ ಇದೇ ವಿದ್ಯೆ, ಅಮೆರಿಕದ ಸೆತ್ ವೀಲರ್ 1891ರಲ್ಲಿ ಪೇಟೆಂಟ್ ಮಾಡಿಸಿದ್ದು. ಮಾತ್ರೆಯ ಪಟ್ಟಿಯಲ್ಲೂ ಗೆರೆ ಇರುತ್ತದೆ, ಆದರೆ ಅದರ ಬಗ್ಗೆ ನನ್ನದೊಂದು ತಕರಾರಿದೆ. ಒಂದೊಂದೇ ಮಾತ್ರೆ ಹರಿದುಕೊಂಡರೆ ಹೆಸರು ಒಂದರಲ್ಲಿ, ತಾರೀಕು ಇನ್ನೊಂದರಲ್ಲಿ. ಮನೆಯ ಡಬ್ಬಿಯಲ್ಲಿ ಯಾವುದು ಯಾವ ಕಾಲದ್ದು ಅಂತ ಗೊತ್ತಾಗುವುದಿಲ್ಲ. ತಾರೀಕು ಇರುವ ತುದಿಯನ್ನು ಕೊನೆಗೆ ಇಟ್ಟುಕೊಂಡು ಇನ್ನೊಂದು ತುದಿಯಿಂದ ಹರಿಯಿರಿ.

ಹರಿಯಬಾರದ ತೂತೂ ಇದೆ. ಟೆಂಟಿನಲ್ಲಿ ಸಿನಿಮಾ ನೋಡಿದ ವಯಸ್ಸಿನವರಾದರೆ ನಿಮಗೆ ನೆನಪಿರುತ್ತದೆ. 35 ಎಂಎಂ ರೀಲಿನ ಎರಡೂ ಅಂಚಿನಲ್ಲಿ ಚೌಕಾಕಾರದ ತೂತುಗಳು, ಒಂದು ಚಿತ್ರಕ್ಕೆ ಅಂಚಿಗೆ ನಾಲ್ಕರಂತೆ. ಸೆಕೆಂಡಿಗೆ 24 ಚಿತ್ರ, ಅಂದರೆ ಒಂದೊಂದು ಅಂಚಿನಲ್ಲೂ ಸೆಕೆಂಡಿಗೆ 96 ತೂತು ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ಸಾಗುತ್ತಿದ್ದವು. ಊರೂರು ಸುತ್ತಿ ಸವೆದ ರೀಲಿನಲ್ಲಿ ತೂತು ಹರಿದು ಹಲ್ಲು ತಪ್ಪಿದರೆ ನಾಯಕನ ಕಾಲು ಮೇಲೆ, ತಲೆ ಕೆಳಗೆ. ಟೆಂಟಿನ ತುಂಬ ಸಿಳ್ಳೆ.

ಇನ್ನು ಮೂರನೆಯ ಜಾತಿ, ಸೋಸಲು ಹಾಕುವ ತೂತು. ಇದನ್ನು ತಿಳಿಯಲು ಅಡಿಗೆಮನೆಗೆ ಹೋದರೆ ಸಾಕು. ಕಾಫಿ ಫಿಲ್ಟರ್ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಮೇಲಿನ ಪಾತ್ರೆಯ ತಳ ಪೂರ್ತಿ ಪರ್ಫೊರೇಷನ್ನೇ. ತೂತು ದೊಡ್ಡದಾದರೆ ಡಿಕಾಕ್ಷನ್ ಜೊತೆ ಚರಟವೂ ಇಳಿಯುತ್ತದೆ. ಕಟ್ಟಿಕೊಂಡರೆ ಬೆಳಿಗ್ಗೆ ಆರಕ್ಕೆ ನೀರು ಹಾಕಿದ್ದು ಏಳಾದರೂ ಇಳಿಯುವುದಿಲ್ಲ, ಮನೆಯಲ್ಲಿ ಎಲ್ಲರ ಮುಖ ಗಂಟು. ನಮ್ಮಮ್ಮ ಆ ತಳವನ್ನು ತಿಂಗಳಿಗೊಮ್ಮೆ ಕೆಂಡದ ಮೇಲೆ ಹಿಡಿದು, ಕಟ್ಟಿದ ಪುಡಿ ಸುಟ್ಟು, ಮೇಜಿಗೆ ಕುಟ್ಟಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪ್ರೆಸ್ಸಿನಲ್ಲಿ ನಾನು ಹೇಳಿಕೊಡುತ್ತಿದ್ದ ಪರೀಕ್ಷೆ ಎಲ್ಲಿಂದ ಬಂತು ಅಂತ ಇದನ್ನು ಬರೆಯುವಾಗ ಹೊಳೆಯುತ್ತಿದೆ. ಒತ್ತು ಶಾವಿಗೆ ಒರಳಿನ ತಳ, ಚಕ್ಕುಲಿ ಒರಳಿನ ಬಿಲ್ಲೆ, ಇಡ್ಲಿ ತಟ್ಟೆ, ಕರಿದದ್ದನ್ನು ಎತ್ತುವ ತೂತಿನ ಸೌಟು, ಬೇಯಿಸಿದ ಅಡಿಕೆಯನ್ನು ಚೊಗರು ಬಸಿದು ಹಂಡೆಯಿಂದ ತೆಗೆಯುವ ದೊಡ್ಡ ಸೌಟು, ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಟ್ಟೆ, ಎಲ್ಲವೂ ಈ ಜಾತಿಯವೇ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಲ್ಲಿನ ಜಾಲಂಧ್ರಗಳೂ ಅಷ್ಟೇ. ಅವು ಬೆಳಕನ್ನು ಸೋಸುತ್ತವೆ.

ಈ ಜಾತಿಯ ತೂತಿಗೂ ಕಾಗದದ ತೂತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಿಮ್ಮ ಬೋರ್‌ವೆಲ್ ಕೆಲಸಕ್ಕೆ ಅದು ಗೊತ್ತಿರಬೇಕು. ಕಾಗದದಲ್ಲಿ ತೂತುಗಳು ಒಂದೇ ಗೆರೆಯಲ್ಲಿ ಇರಬೇಕು, ಅಲ್ಲೇ ಹರಿಯಲಿ ಅಂತ. ಪೈಪಿನಲ್ಲಿ ಒಂದೇ ಗೆರೆಯಲ್ಲಿ ಕೊರೆದರೆ ಪೈಪೂ ಅಲ್ಲೇ ಸೀಳುತ್ತದೆ. ಅದಕ್ಕೇ ಅಂಕುಡೊಂಕಾಗಿ, ಒಂದು ಸಾಲಿನ ತೂತು ಇನ್ನೊಂದು ಸಾಲಿನ ಸಂದಿಗೆ ಬರುವಂತೆ, ಸುತ್ತಲೂ ಹರಡಿ ಕೊರೆಸಿ. ನಡುವೆ ಸಾಕಷ್ಟು ಪೈಪು ಉಳಿಯಲಿ. ಕೇಸಿಂಗ್ ಇರುವುದೇ ಸಡಿಲ ಮಣ್ಣು ಒಳಗೆ ಕುಸಿಯದಂತೆ ತಡೆಯಲು. ಆದ್ದರಿಂದ ಸುತ್ತ ತೆಗೆದ ಇಂಗುಗುಂಡಿಯ ಒಳಗೆ ಕಾಣುವ ಭಾಗಕ್ಕೆ ಮಾತ್ರ ತೂತು ಸಾಕು. ಕೊರೆದ ಮೇಲೆ ನೈಲಾನ್ ಜಾಲರಿ ಬಿಗಿಯಾಗಿ ಸುತ್ತಬೇಕು. ಗುಂಡಿಗೆ ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಅಂದರೆ ಇದೂ ಒಂದು ದೊಡ್ಡ ಕಾಫಿ ಫಿಲ್ಟರೇ. ನಮ್ಮ ಕೆಂಪು ಮಣ್ಣಿನ ಮೊದಲ ಮಳೆ ನೀರನ್ನು ಸೀದಾ ಬಿಡಬೇಡಿ. ಆ ನೀರು ಗುಂಡಿಯ ಹೊರಗೇ ಒಂದು ಕಡೆ ನಿಂತು ತಿಳಿಯಾಗಲಿ. ಕೆಸರು ಒಳಗೆ ಹೋದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಅಮ್ಮನ ಫಿಲ್ಟರಿನಂತೆ ಕೆಂಡದ ಮೇಲೆ ಹಿಡಿಯಲು ಅದು ಬರುವುದಿಲ್ಲವಲ್ಲ.

ಹಾಗಾದರೆ ಕನ್ನಡದಲ್ಲಿ ಏನನ್ನೋಣ? ರಂಧ್ರೀಕರಣ ಅಂತೆಲ್ಲ ಕಟ್ಟಬಹುದು, ಆದರೆ ಪ್ರೆಸ್ಸಿಗೆ ಹೋಗಿ 'ರಂಧ್ರೀಕರಣ ಮಾಡಿಕೊಡಿ' ಅಂದರೆ ಹುಡುಗ ಓನರನ್ನು ಕರೆಯುತ್ತಾನೆ. ಒಂದೇ ಪದಕ್ಕೆ ಒಂದೇ ಪದ ಹುಡುಕುವ ಹಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಿವಿಯದಕ್ಕೆ 'ತಮಟೆ ತೂತಾಗಿದೆ' ಅನ್ನಿ, ಅಪ್ಪನಿಗೂ ಅರ್ಥವಾಗುತ್ತದೆ. ಕಾಗದದ್ದಕ್ಕೆ 'ತೂತುಸಾಲು'. ಪೈಪಿಗೆ 'ತೂತು ಕೊರೆಸಿದ ಪೈಪು'. ಪ್ರೆಸ್ಸಿನಲ್ಲಿ, ಬೋರ್‌ವೆಲ್‌ನವರ ಹತ್ತಿರ ಪರ್ಫೊರೇಷನ್ ಅಂದರೂ ಏನೂ ತಪ್ಪಿಲ್ಲ. ಬಸ್ಸು, ಬಿಲ್ಲುಗಳ ಹಾಗೆ ಅದೂ ಅಲ್ಲಿ ಬೇರು ಬಿಟ್ಟಾಗಿದೆ.

ರಸೀದಿ ಪುಸ್ತಕಕ್ಕೆ ಪರ್ಫೊರೇಷನ್ ಹಾಕಿಸಿ, ಚಾರ್ಜು ಕೊಡಿ. ಸಂಘದ ಲೆಕ್ಕ ಅಂದ ಮೇಲೆ ಸ್ಕೇಲ್ ಇಟ್ಟು ಹರಿಯುವ ಕೆಲಸ ಬೇಡ. ನಂಬರು ಗೆರೆಯ ಎರಡೂ ಕಡೆ ಇರಬೇಕು ಅಂತ ಮೊದಲೇ ಬರೆದುಕೊಡಿ. ಈಗ ಮಳೆ ಜೋರಿದ್ದರೆ ದಸರೆ ಕಳೆದ ಮೇಲೆ ಮಾಡಿಸಿದರೂ ನಡೆಯುತ್ತದೆ. ಪುಸ್ತಕ ಕೈಗೆ ಬಂದಾಗ ಅಲ್ಲೇ ಕೌಂಟರಿನ ಮೇಲೆ ಇಟ್ಟು ಒಂದು ಹಾಳೆ ಹರಿದು ನೋಡಿ. ಮೊದಲು ಗೆರೆಯ ಮೇಲೆ ಒಮ್ಮೆ ಮಡಚಿ ಉಗುರಲ್ಲಿ ಒತ್ತಿ, ಅಂಚೆ ಕಚೇರಿಯವರು ಚೀಟಿ ಹಾಳೆಗೆ ಮಾಡುತ್ತಾರಲ್ಲ ಹಾಗೆ. ಎಡಗೈಯಲ್ಲಿ ಕೌಂಟರ್‌ಫಾಯಿಲ್ ಅದುಮಿ ಹಿಡಿದು, ರಸೀದಿಯನ್ನು ಮೇಲಿನ ಮೂಲೆಯಿಂದ ನಿಮ್ಮ ಕಡೆಗೆ ಎಳೆಯಿರಿ. ನಂಬರು ಎರಡೂ ಕಡೆ ಉಳಿದು, ಮೂಲೆ ಮುರಿಯದೆ ಬಂದರೆ ದುಡ್ಡು ಕೊಟ್ಟು ತನ್ನಿ. ಇಲ್ಲದಿದ್ದರೆ ಕಟ್ಟನ್ನು ಅಲ್ಲೇ ಬಿಟ್ಟು ಬನ್ನಿ.